ಮನದೊಳಗಿನ ವರ್ಣಭೇದಕ್ಕೆ ಅಳತೆಗೋಲುಂಟೇ?

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಸೋಲದೇವನಹಳ್ಳಿ ಪೊಲೀಸ್ ಠಾಣಾ ವ್ಯಾಪ್ತಿಯಲ್ಲಿ ಸುಡಾನ್ ದೇಶದವನೊಬ್ಬನ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಅಸುನೀಗಿದರು. ಸುಮಾರು ಅರ್ಧ ಗಂಟೆಯ ತರುವಾಯ ಅದೇ ಮಾರ್ಗವಾಗಿ ಬಂದ ತಾಂಜಾನಿಯಾದ ವಿದ್ಯಾರ್ಥಿಗಳನ್ನು ಉದ್ರಿಕ್ತ ಗುಂಪು ತಡೆದು ಥಳಿಸಿತು. ಅವರ ಕಾರನ್ನು ಸುಟ್ಟುಹಾಕಿತು. ವಿದ್ಯಾರ್ಥಿನಿಯೊಬ್ಬಳು ಅವಮಾನಕ್ಕೆ ಗುರಿಯಾದಳು. ಅಪಘಾತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ಇದು ವರ್ಣದ್ವೇಷದ ಕೃತ್ಯವಲ್ಲ, ಅಪಘಾತದಿಂದ ಕೆರಳಿದವರ ಪ್ರತಿಕ್ರಿಯೆ ಎಂದು ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಹೇಳಿದರು. ಆಫ್ರಿಕಾದ ವಿದ್ಯಾರ್ಥಿಗಳು ಅದನ್ನು ಒಪ್ಪಲಿಲ್ಲ. ಹಾಗಾದರೆ ಮನುಷ್ಯನ ಅಂತರಂಗದಲ್ಲಿ ಅಡಗಿರುವ ಪೂರ್ವಗ್ರಹವನ್ನು ನಿಖರವಾಗಿ ಅಳೆಯಲು ಸಾಧ್ಯವೇ?

ಅಂಥದೊಂದು ಪ್ರಯತ್ನ 1998ರಲ್ಲಿ ಅಮೆರಿಕದಲ್ಲಿ ನಡೆಯಿತು. ಮನಶ್ಶಾಸ್ತ್ರಜ್ಞ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆಯಲ್ಲಿ ಕರಿಯರ ಹಾಗೂ ಬಿಳಿಯರ ಮುಖಗಳನ್ನೂ ಒಳ್ಳೆಯ ಹಾಗೂ ಕೆಟ್ಟ ಅರ್ಥದ ಪದಗಳನ್ನೂ ಕಂಪ್ಯೂಟರಿನ ಎರಡು ಕೀಲಿಗಳಿಂದ ವಿಂಗಡಿಸಬೇಕು. ಕರಿಯ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಕೀಲಿಯಿದ್ದಾಗ ಬೆರಳು ತಡವರಿಸಿದರೆ, ಆ ವಿಳಂಬವೇ ಪೂರ್ವಗ್ರಹದ ಸುಳಿವು ಎಂಬುದು ಅವರ ವಾದ. ಆದರೆ ಒಬ್ಬನೇ ವ್ಯಕ್ತಿಗೆ ಎರಡು ಬಾರಿ ಪರೀಕ್ಷೆ ನಡೆಸಿದರೆ ಫಲಿತಾಂಶ ಬೇರೆಯಾಗುವುದುಂಟು. ಅಂಕಕ್ಕೂ ನಡತೆಗೂ ಇರುವ ನಂಟು ದುರ್ಬಲ. ಇದರಿಂದ ಒಬ್ಬೊಬ್ಬ ವ್ಯಕ್ತಿಯನ್ನು ಪಕ್ಷಪಾತಿಯೆಂದು ವರ್ಗೀಕರಿಸುವುದು ಸರಿಯಾಗದೆಂದು ಗ್ರೀನ್‌ವಾಲ್ಡ್ ಹಾಗೂ ಸಿಕಂದರಾಬಾದಿನಲ್ಲಿ ಜನಿಸಿದ ಅವರ ಸಹಸಂಶೋಧಕಿ ಮಹ್ಜರೀನ್ ಬಾನಾಜಿ ಅವರೇ 2015ರಲ್ಲಿ ಒಪ್ಪಿಕೊಂಡರು.

ಅಂತರಂಗ ಕೈಗೆ ಸಿಗದಿದ್ದರೂ ನಡತೆಯನ್ನು ಅಳೆಯಬಹುದು. ನಮ್ಮ ದೇಶದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಗಳಲ್ಲಿ ಬಂದ ಉದ್ಯೋಗ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಕಳುಹಿಸಿದರು. ಬೇರೆಯಾಗಿದ್ದುದು ಹೆಸರು ಮಾತ್ರ. ದಲಿತ ಹಾಗೂ ಮುಸ್ಲಿಂ ಹೆಸರಿನವರಿಗೆ ಮೇಲ್ಜಾತಿಯ ಹೆಸರಿನವರಿಗಿಂತ ಕಡಿಮೆ ಕರೆ ಬಂದುದನ್ನು 2007ರಲ್ಲಿ ಪ್ರಕಟಿಸಿದರು. ಈ ವಿಧಾನವೂ ಒಬ್ಬ ಮಾಲೀಕನ ಹೃದಯವನ್ನು ತೆರೆದು ತೋರಿಸದು. ಆದರೆ ಸಮಾಜದ ತಕ್ಕಡಿ ಯಾವ ಕಡೆಗೆ ವಾಲಿದೆ ಎಂಬುದನ್ನು ತಿಳಿಸುತ್ತದೆ.

ಸೋಲದೇವನಹಳ್ಳಿಯ ಘಟನೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅಂದು ಚಾಲಕನಿಗೂ ಆ ವಿದ್ಯಾರ್ಥಿಗಳಿಗೂ ಜನರ ಕಣ್ಣಿಗೆ ಕಂಡ ನಂಟು ಮೈಬಣ್ಣವೊಂದೇ. ಹಾಸನದ ಯುವಕನ ಕಾರು ಅಪಘಾತ ಮಾಡಿದ್ದರೆ, ಅರ್ಧ ಗಂಟೆಯ ನಂತರ ಬಂದ ಇನ್ನೊಬ್ಬ ಹಾಸನದವನನ್ನು ಯಾರಾದರೂ ಹೊಡೆಯುತ್ತಿದ್ದರೇ? ಹೊಡೆದವರ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯದೆಯೂ ಈ ಪ್ರಶ್ನೆಗೆ ಉತ್ತರಿಸಬಹುದು.

ಕಾಲೇಜುಗಳ ಸುತ್ತಮುತ್ತ ಮನೆ ಬಾಡಿಗೆಗೆ ಕೊಡುವ ನಮ್ಮ ಕುಟುಂಬಗಳಿಗೂ ಈ ಅಳತೆ ಅನ್ವಯಿಸುತ್ತದೆ. ಒಂದೇ ಮನೆಗೆ ಊರಿನ ಹುಡುಗನಿಗೆ ಹೇಳುವ ಬಾಡಿಗೆ, ಕೇಳುವ ಮುಂಗಡ, ವಿಧಿಸುವ ನಿಬಂಧನೆಗಳು ಆಫ್ರಿಕಾದ ಹುಡುಗನಿಗೂ ಅವೇ ಆಗಿವೆಯೇ? ಆತ್ಮಶೋಧನೆಗೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇರೊಂದಿಲ್ಲ.