ಮೈಕ್ ಹಿಡಿದವರು
ದೀಪಾವಳಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಕೊಬ್ಬರಿ ಹೋರಿ ಬೆದರಿಸುವ ಸಡಗರ. ಹೋರಿ ಅಖಾಡಕ್ಕೆ ನುಗ್ಗುವ ಮೊದಲೇ ಅದರ ಹೆಸರು, ಊರು ಮೈಕಿನಲ್ಲಿ ಮೊಳಗುತ್ತದೆ. ಮೈತುಂಬ ಬಲೂನು, ರಿಬ್ಬನ್ನು, ಕೊರಳಲ್ಲಿ ಕೊಬ್ಬರಿ ಸರ. ಹತ್ತಾರು ಕೈಗಳ ನಡುವೆ ಅದು ಪಾರಾಗುವುದು ಕೆಲವೇ ಕ್ಷಣಗಳಲ್ಲಿ. ಅಷ್ಟರೊಳಗೆ ಕೊಬ್ಬರಿ ಹರಿದವರಾರು, ಮಣ್ಣು ಮುಕ್ಕಿದವರಾರು, ಎಲ್ಲವನ್ನೂ ಮೈಕಿನವನು ಹೇಳಿ ಮುಗಿಸಬೇಕು. ಇದರ ಮುಂದೆ ಕ್ರಿಕೆಟ್ ಕಾಮೆಂಟರಿ ಸಾವಕಾಶದ ಕೆಲಸವೇ ಸರಿ. ಆ ಕೆಲಸವನ್ನು ಟಿವಿಯಲ್ಲಿ ಕನ್ನಡದಲ್ಲಿ ಮಾಡಿದವರಲ್ಲಿ ವಿಜಯ್ ಭಾರದ್ವಾಜ್ ಒಬ್ಬರು. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ, ಭಾರತದ ಪರ ಆಡಿದ ಮೊದಲ ಸರಣಿಯಲ್ಲೇ ಅವರು ಸರಣಿಶ್ರೇಷ್ಠ. ಆಮೇಲೇನು? ಒಟ್ಟು ಸಿಕ್ಕಿದ್ದು 3 ಟೆಸ್ಟ್, 10 ಏಕದಿನ ಪಂದ್ಯ, ಅಷ್ಟೇ. ಆ ಕನ್ನಡಕಧಾರಿ ಆಲ್‌ರೌಂಡರ್‌ನನ್ನು ಮರೆತೇಬಿಟ್ಟಿದ್ದ ಮನೆಗಳಿಗೆ ಐಪಿಎಲ್ ಹೊತ್ತಿನಲ್ಲಿ ಅವರ ದನಿ ಮರಳಿ ಬಂತು. ಚೆಂಡು ಏಕೆ ತಿರುಗಿತು, ಬ್ಯಾಟು ಎಲ್ಲಿ ತಡವಾಯಿತು ಎಂದು ಆಡಿದವರೇ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರೆ ಕೇಳುವ ಸುಖವೇ ಬೇರೆ. ಟಿವಿಯವರ ಹೆಸರಾದರೂ ಪರದೆಯ ಮೇಲೆ ಮೂಡುತ್ತದೆ; ಅಖಾಡದ ಮೈಕಿನವನಿಗೆ ಅದೂ ಇಲ್ಲ. ಮುಂದಿನ ದೀಪಾವಳಿಗೆ ಬ್ಯಾಡಗಿ ಕಡೆ ಹೋದವರು, ಹೋರಿಯ ವಿಡಿಯೊ ತೆಗೆಯುವಾಗ ಮೈಕಿನವನ ಹೆಸರನ್ನೂ ಒಂದಿಷ್ಟು ಕೇಳಿಕೊಂಡು ಬನ್ನಿ.