ಬೇಣ ಬರಡಲ್ಲ

ಮೃಗಶಿರ ಮಳೆ ಬಿದ್ದರೆ ಸಾಕು, ನಮ್ಮ ಮಠಗಳ ಅಂಗಳಕ್ಕೆ ಸಸಿಗಳ ಗಾಡಿ ಬರುತ್ತದೆ. ಪೂಜ್ಯರ ಹಸ್ತದಿಂದ ಒಂದು ಗಿಡ, ಗಣ್ಯರಿಂದ ನಾಲ್ಕು ಗಿಡ, ಕೊನೆಗೆ ಒಂದು ಫೋಟೋ. 1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವ ಆರಂಭಿಸಿದಂದಿನಿಂದ ದೇಶದ ತುಂಬ ಈ ರೂಢಿ ನಡೆದುಬಂದಿದೆ. ನೆಡುವವರ ಶ್ರದ್ಧೆಯಲ್ಲಿ ಅನುಮಾನವಿಲ್ಲ. ಆದರೆ ಏನು ನೆಡುತ್ತಿದ್ದೇವೆ, ಎಲ್ಲಿ ನೆಡುತ್ತಿದ್ದೇವೆ, ನೆಟ್ಟ ಮೇಲೆ ಕಾಯುವವರು ಯಾರು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಶರಣ ಬಂಧುಗಳು ಈ ಮಳೆಗಾಲದಲ್ಲಿ ಈ ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಈ ಮೂರು ತಾಲ್ಲೂಕುಗಳೆಂದರೆ ಬರೀ ದಟ್ಟ ಕಾಡು ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಇಲ್ಲಿ ಮಳೆ ಸುರಿಯುವುದು ನಾಲ್ಕೈದು ತಿಂಗಳು. ಉಳಿದ ಕಾಲವೆಲ್ಲ ನೆಲ ಒಣಗುತ್ತಲೇ ಇರುತ್ತದೆ. ಪೂರ್ವಕ್ಕೆ ಬನವಾಸಿಯ ಕಡೆ ಹೋದಂತೆ ಮಳೆಯೂ ಕಡಿಮೆ. ಈ ನೆಲದಲ್ಲಿ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಅಲ್ಲಲ್ಲಿ ಹುಲ್ಲಿನ ಬೇಣ. ಬೇಣದಲ್ಲಿ ದನ ಮೇಯುತ್ತದೆ, ಕರಡ ಕೊಯ್ಯುತ್ತಾರೆ. ಬೆಟ್ಟದ ಒಡೆತನ ಸರ್ಕಾರದ್ದು. ಆದರೆ ಬ್ರಿಟಿಷರ ಕಾಲದಿಂದ, ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ, ಸೊಪ್ಪು ಮತ್ತು ದರಕು ತರುವ ಹಕ್ಕು ತೋಟಿಗರಿಗಿದೆ.

ಹುಲ್ಲು ಮಾತ್ರ ಬೆಳೆಯುವ ನೆಲವನ್ನು ‘ಪಾಳು’ ಎಂದು ಕರೆದದ್ದೇ ಮೊದಲ ತಪ್ಪು. ಪಾಳೆಂದ ಮೇಲೆ ಅದನ್ನು ತುಂಬಿಸುವ ಆತುರ. ಹಾಗೆ ಬಂದದ್ದು ಆಸ್ಟ್ರೇಲಿಯಾ, ನ್ಯೂಗಿನಿ ಮೂಲದ ಅಕೇಶಿಯಾ. ಬಡ ಮಣ್ಣಿನಲ್ಲೂ ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ. ನೆಡುವವರಿಗೆ ಇವೇ ಅದರ ಗುಣಗಳಾಗಿ ಕಂಡವು. ದನ ಮುಟ್ಟದ ಮರ ದನದ ಮೇವಿನ ಜಾಗದಲ್ಲಿ ನಿಂತರೆ ಹಟ್ಟಿಯ ಗತಿಯೇನು? ಅದರ ಎಲೆ ಬೇಗ ಕೊಳೆಯುವುದಿಲ್ಲ; ದಪ್ಪ ಹಾಸಾಗಿ ಬಿದ್ದಲ್ಲಿ ಹುಲ್ಲು ಏಳುವುದೂ ಕಷ್ಟ.

ಇದೇ ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಳಸೆ ಕಾಡಿನಲ್ಲಿ 1983ರ ಸೆಪ್ಟೆಂಬರ್ 8ರಂದು ಹಳ್ಳಿಯ ಹೆಣ್ಣುಮಕ್ಕಳು, ಯುವಕರು ಮರಗಳನ್ನು ಅಪ್ಪಿ ನಿಂತರು. ಉಳಿಸು, ಬೆಳೆಸು, ಬಳಸು ಎಂಬುದು ಅಪ್ಪಿಕೋ ಚಳವಳಿಯ ಮಾತು. ಆ ಮಾತಿನ ಅನುಕ್ರಮವನ್ನು ಗಮನಿಸಿ: ಮೊದಲು ಉಳಿಸುವುದು, ಆಮೇಲೆ ಬೆಳೆಸುವುದು. ನಾವು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಗುದ್ದಲಿ ಹಿಡಿದಿದ್ದೇವೆ.

ಹುಲ್ಲು ಚೆನ್ನಾಗಿರುವ ಬೇಣದಲ್ಲಿ ಗುಂಡಿ ತೋಡಬೇಡಿ. ಅದಕ್ಕೆ ಬೇಕಾದದ್ದು ಬೇಸಿಗೆಯ ಬೆಂಕಿಯಿಂದ ರಕ್ಷಣೆ, ಸರದಿಯ ಮೇವು. ಸವೆದ ಬೆಟ್ಟಕ್ಕೆ ಎರಡು ಮೂರು ಮಳೆಗಾಲ ಕತ್ತಿ ಮತ್ತು ದನ ತಾಗದಂತೆ ಕಾದರೆ ಮಣ್ಣಿನೊಳಗೆ ಜೀವ ಹಿಡಿದಿರುವ ಮತ್ತಿ, ಹುಣಾಲು, ಕೌಲುಗಳ ಬುಡಗಳು ತಾವೇ ಚಿಗುರುತ್ತವೆ. ಬುಡವೂ ಉಳಿಯದ ಕಡೆ ಮಾತ್ರ ನೆಡಬೇಕು. ನೆಟ್ಟರೆ ಊರಿನ ಗಿಡವನ್ನೇ ನೆಡಬೇಕು. ಅದರ ಬೀಜ ಪೇಟೆಯಲ್ಲಿ ಸಿಗುವುದಿಲ್ಲ, ನಾವೇ ಆರಿಸಬೇಕು. ನೆಲ್ಲಿಯ ಗೊರಟನ್ನು ಬಿಸಿಲಿಗೆ ಹರವಿದರೆ ಬಿರಿದು ಬೀಜ ಬಿಡುತ್ತದೆ. ಹೊನ್ನೆಯ ಕಾಯಿಯನ್ನು ಅಂಚಿನ ರೆಕ್ಕೆ ಕತ್ತರಿಸಿ ಇಡಿಯಾಗಿ ಬಿತ್ತಬಹುದು. ನೇರಳೆಯ ಬೀಜ ಒಣಗಿದರೆ ಕೆಟ್ಟಿತು. ಹಣ್ಣು ತಿಂದ ಕೂಡಲೇ ಮಣ್ಣಿಗೆ ಸೇರಬೇಕು. ಮಠದ ಹಿತ್ತಲಲ್ಲಿ ಹತ್ತು ಮಡಿಯ ಸಸ್ಯಪಾಲನೆ, ಮಠದ ಶಾಲೆಯ ಮಕ್ಕಳ ಕೈಯಲ್ಲಿ ಬೀಜದ ಚೀಲ: ಇದಕ್ಕೆ ದೊಡ್ಡ ಹಣ ಬೇಡ.

ಒಂದು ಮಾತು ಮರೆಯಬಾರದು. ಬೇಣಕ್ಕೆ ಬೇಲಿ ಬಿದ್ದ ದಿನ ಮೊದಲು ಹಸಿಯುವುದು ಯಾರ ಹಸು? ತೋಟವಿದ್ದವನದಲ್ಲ, ಎರಡು ದನ ಬಿಟ್ಟರೆ ಬೇರೇನೂ ಇಲ್ಲದವನದು. ಅವನನ್ನು ಕೇಳದೆ ಹಾಕಿದ ಬೇಲಿ ನಿಲ್ಲುವುದೂ ಇಲ್ಲ, ನಿಲ್ಲಲೂ ಬಾರದು. ಆದ್ದರಿಂದ ಊರೆಲ್ಲ ಒಂದೇ ಜಗಲಿಯಲ್ಲಿ ಕೂಡಬೇಕು; ಅರಣ್ಯ ಇಲಾಖೆ, ಗ್ರಾಮ ಅರಣ್ಯ ಸಮಿತಿಯವರೂ ಇರಲಿ. ಇಡೀ ಬೇಣವನ್ನು ಮುಚ್ಚದೆ ವರ್ಷಕ್ಕೆ ಮೂರನೆಯ ಒಂದು ಪಾಲಿಗೆ ಮಾತ್ರ ವಿಶ್ರಾಂತಿ ಕೊಡೋಣ. ಮುಚ್ಚಿದ ಪಾಲಿನಲ್ಲಿ ಕೊಯ್ದ ಹುಲ್ಲಿನ ಮೊದಲ ಹೊರೆ ಭೂಮಿಯಿಲ್ಲದವನ ಹಟ್ಟಿಗೆ ಹೋಗಲಿ. ಕಾಯುವ ಕೆಲಸಕ್ಕೆ ಕೂಲಿ ಕೊಡುವುದಾದರೆ ಅದೂ ಅವನಿಗೇ ಸಿಗಲಿ. ದಾಸೋಹವೆಂದರೆ ಪಂಕ್ತಿಯ ಊಟ ಮಾತ್ರವಲ್ಲ. ಇರುವುದನ್ನು ಇಲ್ಲದವನೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆಯೂ ದಾಸೋಹವೇ.

ಮಠಗಳಲ್ಲಿ ನಮ್ಮ ಬಿನ್ನಹವಿಷ್ಟೆ. ನೆಟ್ಟ ಗಿಡಗಳ ಲೆಕ್ಕವನ್ನು ಆಷಾಢದಲ್ಲಿ ಓದುವುದು ಬೇಡ. ಬಸವ ಜಯಂತಿ ಬರುವುದು ಕಡುಬೇಸಿಗೆಯಲ್ಲಿ. ಅಂದು ವೇದಿಕೆಯ ಮೇಲೆ, ಬದುಕಿರುವ ಗಿಡಗಳ ಲೆಕ್ಕವನ್ನು ಓದೋಣ. ನೂರು ನೆಟ್ಟು ಹತ್ತು ಉಳಿದಿದ್ದರೆ ಹತ್ತೆಂದೇ ಹೇಳೋಣ. ಕಾಯಕಕ್ಕೆ ಲೆಕ್ಕ ಒಪ್ಪಿಸುವ ರೀತಿ ಅದು.