ದೇವೇಗೌಡರ ರಾಜಕಾರಣದಿಂದ ಕೊಪ್ಪಳ ಸೀಮೆಗೆ ಒಳ್ಳೆಯದಾಯಿತೇ?

ಪರ
ಜನತಾದಳದ ಹಳೆಯ ಕಾರ್ಯಕರ್ತರು, ಯಲಬುರ್ಗಾ

ಒಳ್ಳೆಯದೇ ಆಯಿತು. ಅನುಮಾನ ಇದ್ದವರು ಕಿನ್ನಾಳದ ಕಡೆ ಹೋಗಿ ಹಿರೇಹಳ್ಳ ಜಲಾಶಯ ನೋಡಿಕೊಂಡು ಬರಲಿ, ಆಮೇಲೆ ನನ್ನ ಜೊತೆ ವಾದಕ್ಕೆ ಕೂಡಲಿ.

ಆಗಿನ ಪರಿಸ್ಥಿತಿ ಇವತ್ತಿನ ಹುಡುಗರಿಗೆ ಗೊತ್ತಿಲ್ಲ. ದೇಶದ ತುಂಬ ಅರ್ಧಕ್ಕೆ ನಿಂತ ಅಣೆಕಟ್ಟುಗಳು. ಗೋಡೆ ಎದ್ದಿದ್ದರೆ ಗೇಟಿಲ್ಲ, ಗೇಟಿದ್ದರೆ ಕಾಲುವೆ ಇಲ್ಲ. ನೀರಾವರಿ ರಾಜ್ಯದ ಬಾಬತ್ತು, ನಿಮ್ಮದು ನೀವೇ ಕಟ್ಟಿಕೊಳ್ಳಿ ಎಂದು ದಿಲ್ಲಿಯವರು ಕೈ ತೊಳೆದುಕೊಂಡಿದ್ದರು. ಸಿವಿಲ್ ಡಿಪ್ಲೊಮಾ ಓದಿ, ಗುತ್ತಿಗೆದಾರಿಕೆ ಮಾಡಿ, ಎಸ್ಟಿಮೇಟ್ ಎಂದರೇನು ಎಂದು ಅರಿತ ಮನುಷ್ಯ 1996ರ ಜೂನ್ 1ರಂದು ಪ್ರಧಾನಿ ಕುರ್ಚಿಯಲ್ಲಿ ಕೂತ ಮೇಲೆ ಆ ಮಾತು ಬದಲಾಯಿತು. ಅದೇ ವರ್ಷ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮ ಬಂತು. ಅರ್ಧಕ್ಕೆ ನಿಂತ ಯೋಜನೆ ಮುಗಿಸಲು ಕೇಂದ್ರವೇ ಸಾಲ ಕೊಡತೊಡಗಿತು. ಕರ್ನಾಟಕದ ಪಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ, ಮಲಪ್ರಭಾ, ಘಟಪ್ರಭಾ ಇದ್ದವು. ಅವುಗಳ ಸಾಲಿನಲ್ಲೇ ನಮ್ಮ ಹಿರೇಹಳ್ಳವೂ ಇತ್ತು. ಹಾಸನದ ಮನುಷ್ಯನಿಗೆ ಹಿರೇಹಳ್ಳದಿಂದ ಎಷ್ಟು ವೋಟು ಬರುತ್ತಿತ್ತು ಹೇಳಿ?

ಕೃಷ್ಣೆಯ ವಿಷಯದಲ್ಲಿ ಆ ದುಡ್ಡಿಗೆ ಎಂಥ ಬೆಲೆ ಇತ್ತು ಎಂಬುದನ್ನು ಒತ್ತಿ ಹೇಳಬೇಕು. ಕೃಷ್ಣಾ ನೀರು ಹಂಚಿಕೆಯ ಬಚಾವತ್ ಐತೀರ್ಪನ್ನು 2000ದ ಮೇ 31ರ ನಂತರ ಮರುಪರಿಶೀಲನೆ ಮಾಡಬಹುದು ಎಂದಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರನ್ನು ಬಳಸುವ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಮುಂದೆ ಯಾವ ಮುಖ ಇಟ್ಟುಕೊಂಡು ನ್ಯಾಯಮಂಡಳಿಯ ಮುಂದೆ ನಿಲ್ಲುವುದು? 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಮೂವತ್ತು ವರ್ಷ ಕುಂಟುತ್ತಿತ್ತು. ಈ ಗಡುವಿನ ತುರ್ತು ಅರ್ಥವಾಗಿದ್ದು ಗೌಡರಿಗೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ನೀರಾವರಿ ಮಂತ್ರಿಯಾಗಿದ್ದಾಗ ನೀರಾವರಿಗೆ ಸಾಕಷ್ಟು ಹಣ ಇಡಲಿಲ್ಲ ಎಂದು ರಾಜೀನಾಮೆ ಒಗೆದು ಬಂದವರು ಅವರು. ಈಗಿನ ಮಂತ್ರಿಗಳು ಖಾತೆ ಸಣ್ಣದಾಯಿತು ಎಂದು ಮುನಿಸಿಕೊಳ್ಳುತ್ತಾರೆ.

ರೈಲಿಗೆ ಬರೋಣ. ಮುನಿರಾಬಾದ್–ಮೆಹಬೂಬನಗರ ಮಾರ್ಗ ಮಂಜೂರಾದದ್ದು 1997-98ರ ರೈಲ್ವೆ ಬಜೆಟ್ಟಿನಲ್ಲಿ. ಪಾಸ್ವಾನ್ ರೈಲ್ವೆ ಮಂತ್ರಿ, ಗೌಡರು ಪ್ರಧಾನಿ. ಆ ಮಾರ್ಗದಲ್ಲಿ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಅದಕ್ಕೂ ಗೌಡರನ್ನೇ ಬೈಯುವವರಿದ್ದಾರೆ! ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅವರು ಅಡಿಗಲ್ಲು ಹಾಕಿದ್ದು 1997ರ ಜನವರಿಯಲ್ಲಿ, ಅದರ ಉದ್ಘಾಟನೆ ಆದದ್ದು 2018ರ ಡಿಸೆಂಬರಿನಲ್ಲಿ. ಹತ್ತೂವರೆ ತಿಂಗಳಲ್ಲಿ ಒಬ್ಬ ಮನುಷ್ಯ ಬಿತ್ತಿದ್ದನ್ನು ಇಪ್ಪತ್ತು ವರ್ಷ ಉಳಿದವರು ರಾಶಿ ಮಾಡಲಾಗಲಿಲ್ಲ.

ಗೌಡರು ಮುಖ್ಯಮಂತ್ರಿಯಾಗಿದ್ದಾಗ ಹುಬ್ಬಳ್ಳಿ ಈದ್ಗಾದ ಗಲಾಟೆ 1995ರಲ್ಲಿ ತಣ್ಣಗಾದದ್ದು, ವರ್ಷಗಳಿಂದ ಪ್ರಧಾನಿಗಳು ಕಾಲಿಡದಿದ್ದ ಕಾಶ್ಮೀರ ಕಣಿವೆಗೆ ಹೋಗಿ ಬಂದದ್ದು, ಇವನ್ನೆಲ್ಲ ಬರೆಯುತ್ತ ಹೋದರೆ ಜಾಗ ಸಾಲದು. ಕೊಪ್ಪಳ ಜಿಲ್ಲೆ ಆದದ್ದೂ 1997ರಲ್ಲಿ, ನಮ್ಮದೇ ದಳದ ಜೆ.ಎಚ್. ಪಟೇಲರ ಕೈಯಿಂದ. ಗೌಡರು ದಿಲ್ಲಿಗೆ ಹೋಗದಿದ್ದರೆ ಪಟೇಲರು ಮುಖ್ಯಮಂತ್ರಿ ಆಗುತ್ತಿದ್ದರೇ?

ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳಿಗೆ ಕೃಷ್ಣೆ ಇನ್ನೂ ಪೂರ್ತಿ ಹತ್ತಿಲ್ಲ, ಅದನ್ನು ಒಪ್ಪುತ್ತೇನೆ. ನಮ್ಮ ಮಂದಿ ಗುಳೆ ಹೋಗುವುದು ನಿಂತಿಲ್ಲ. ಮುಂದೆ ಪಕ್ಷ ಒಂದು ಮನೆಯ ಪಕ್ಷವಾಯಿತು ಎಂದರೂ ನಾನು ಜಗಳಕ್ಕೆ ಬರುವುದಿಲ್ಲ. ಬಾವುಟ ಹೊತ್ತವನಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಆದರೆ ಮನೆತನದ ರಾಜಕಾರಣ ಯಾವ ಪಕ್ಷದಲ್ಲಿಲ್ಲ? ಕಾಂಗ್ರೆಸ್ಸಿನ ಸೀತಾರಾಮ ಕೇಸರಿ 1997ರ ಮಾರ್ಚಿನಲ್ಲಿ ಬೆಂಬಲ ವಾಪಸು ಪಡೆಯದೆ ಇನ್ನೆರಡು ವರ್ಷ ಬಿಟ್ಟಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ವಿರೋಧ
ನಿವೃತ್ತ ಉಪನ್ಯಾಸಕರು, ಗಂಗಾವತಿ

ಸಂಪಾದಕರು ಕೇಳಿದ್ದು ನಿನ್ನೆ ಸಂಜೆ. ನೆನಪಿಗೆ ಬಂದಷ್ಟನ್ನು ಬರೆಯುತ್ತೇನೆ.

ಮೊದಲನೆಯದು, ದೇವೇಗೌಡರ ನೀರಿನ ಕಾಳಜಿ ನಿಜವಾದದ್ದು, ಆದರೆ ಅದರ ಜೀವ ಇರುವುದು ಕಾವೇರಿಯಲ್ಲಿ. 2016ರ ಅಕ್ಟೋಬರಿನಲ್ಲಿ 83ರ ವಯಸ್ಸಿನಲ್ಲಿ ವಿಧಾನಸೌಧದ ಎದುರು ಉಪವಾಸ ಕೂತದ್ದು ಕಾವೇರಿಗಾಗಿ. ಹೊಸಪೇಟೆಯಿಂದ ನಮ್ಮ ಜಿಲ್ಲೆ ಹಾಯ್ದು ಕೂಡಲಸಂಗಮದವರೆಗೆ 2013ರಲ್ಲಿ ಕೃಷ್ಣೆಗಾಗಿ ನಡೆದದ್ದು ಕಾಂಗ್ರೆಸ್ಸಿನವರು. ಅದೂ ಚುನಾವಣೆಯ ಪಾದಯಾತ್ರೆಯೇ, ಇರಲಿ.

ಎರಡನೆಯದು ಆಲಮಟ್ಟಿ. ಅವರು ಪ್ರಧಾನಿಯಾಗಿದ್ದಾಗಲೇ ಆಂಧ್ರದ ಚಂದ್ರಬಾಬು ನಾಯ್ಡು ತಕರಾರು ತೆಗೆದರು. 524 ಮೀಟರ್ ಎತ್ತರದ ವಿಷಯ ಸಂಯುಕ್ತ ರಂಗದ ನಾಲ್ವರು ಮುಖ್ಯಮಂತ್ರಿಗಳ ಸಮಿತಿಗೆ ಹೋಯಿತು, ಅಲ್ಲಿಂದ ತಜ್ಞರ ಸಮಿತಿಗೆ. ಕೊನೆಗೆ 2000ದಲ್ಲಿ ಸುಪ್ರೀಂ ಕೋರ್ಟಿನಿಂದ ಸಿಕ್ಕಿದ್ದು 519.6 ಮೀಟರ್. ಕನ್ನಡಿಗನೊಬ್ಬ ಪ್ರಧಾನಿಯಾಗಿದ್ದೂ ಮಿತ್ರಪಕ್ಷದ ಮಾತಿಗೆ ಬಗ್ಗಬೇಕಾಯಿತು. ಸಮ್ಮಿಶ್ರ ಸರ್ಕಾರದಲ್ಲಿ ಬೇರೆ ಯಾರಿದ್ದರೂ ಹೆಚ್ಚು ಮಾಡಲು ಆಗುತ್ತಿರಲಿಲ್ಲ ಎನ್ನುವುದೂ ಸತ್ಯ.

ಮೂರನೆಯದು ಪಕ್ಷ. 1996ರಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 16 ಗೆದ್ದ ಜನತಾದಳಕ್ಕೆ ಕೊಪ್ಪಳವೂ ಬಂದಿತ್ತು, ಬಸವರಾಜ ರಾಯರೆಡ್ಡಿಯವರ ಮೂಲಕ. ಈಗ ರಾಯರೆಡ್ಡಿ ಕಾಂಗ್ರೆಸ್ಸಿನಲ್ಲಿ. ಇಕ್ಬಾಲ್ ಅನ್ಸಾರಿ ದಳದಿಂದ ಗಂಗಾವತಿ ಗೆದ್ದವರು, ಅವರೂ ಅಲ್ಲಿಗೇ ಹೋದರು. ಕರಡಿ ಸಂಗಣ್ಣ ದಳದಿಂದ ಗೆದ್ದು ಬಿಜೆಪಿಗೆ ಹೋಗಿ ಸಂಸದರಾದರು. 2018ರಲ್ಲಿ ಹಾಗೂ 2023ರಲ್ಲಿ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಗೌಡರ ಜಾತ್ಯತೀತ ಜನತಾದಳ (ಜೆಡಿಎಸ್) ಒಂದನ್ನೂ ಗೆಲ್ಲಲಿಲ್ಲ. ಬೆಳೆಸಿದವರನ್ನು ಉಳಿಸಿಕೊಳ್ಳದ ನಾಯಕತ್ವ ಅದು. ಸಿದ್ದರಾಮಯ್ಯನವರನ್ನು 2005ರಲ್ಲಿ ಹೊರಗೆ ಹಾಕಿದ್ದನ್ನು ಎಲ್ಲರೂ ಬಲ್ಲರು.

ನಾಲ್ಕನೆಯದು 2007. ಬಿಜೆಪಿ ಜೊತೆಗಿನ ಇಪ್ಪತ್ತು ತಿಂಗಳ ಒಪ್ಪಂದ ಮುರಿದು ದಳ ಯಡಿಯೂರಪ್ಪನವರಿಗೆ ಅಧಿಕಾರ ಬಿಟ್ಟುಕೊಡಲಿಲ್ಲ. ಕೊಟ್ಟರೂ ಏಳು ದಿನ. ಉತ್ತರ ಕರ್ನಾಟಕದಲ್ಲಿ ಬಿಜೆಪಿ ಬೇರು ಬಿಟ್ಟದ್ದು ಆ ಸಿಟ್ಟಿನ ಮೇಲೆ, 2008ರ ಫಲಿತಾಂಶ ಅದನ್ನೇ ಹೇಳುತ್ತದೆ. ಕೊನೆಗೆ 2023ರಲ್ಲಿ ಅದೇ ಬಿಜೆಪಿ ಜೊತೆ ದಳ ಕೈಜೋಡಿಸಿತು. ಜಾತ್ಯತೀತ ಎಂಬುದು ಹೆಸರಿನಲ್ಲಿ ಮಾತ್ರ ಉಳಿಯಿತು.

ಐದನೆಯದಾಗಿ ರೈಲು ಎಂದು ಗುರುತು ಹಾಕಿಕೊಂಡಿದ್ದೆ. ಗಿಣಿಗೇರಾದಿಂದ ಗಂಗಾವತಿಗೆ ಬರಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿದ ಮಾರ್ಗವನ್ನು ಯಾರ ಸಾಧನೆ ಎಂದು ಕರೆಯುವುದು? ಆದರೆ ಬರೆಯುತ್ತ ಹೋದಂತೆ ಇದು ಅವರ ವಿರುದ್ಧದ ವಾದವಾಗಿ ನಿಲ್ಲುವುದಿಲ್ಲ. ಅವರು ಕುರ್ಚಿಯಲ್ಲಿದ್ದಾಗ ಮಂಜೂರಾಯಿತು, ತಡ ಮಾಡಿದವರು ಆಮೇಲೆ ಬಂದವರು. ಹುಬ್ಬಳ್ಳಿಗೆ ಹೋಗಬೇಕಾದಾಗ ನಾನೂ ಅದೇ ರೈಲು ಹತ್ತುತ್ತೇನೆ. ಉಳಿದ ನಾಲ್ಕು ಮಾತುಗಳಿಗೆ ಮಾತ್ರ ಬದ್ಧ.